ಸೂಜಿಯ ಕಿವಿ

ಮೂತಿ ನೋಡಿ ಇಟ್ಟ ಹೆಸರು.
ಮಧುಗಿರಿಯಿಂದ ಟಿವಿಎಸ್ಸಿನ ಮುಂದಿನ ಚೀಲದಲ್ಲಿ
ತಲೆಯಷ್ಟೇ ಹೊರಗಿಟ್ಟುಕೊಂಡು ಬಂದವಳು ಸೂಜಿ,
ನಾನು ಈ ಮನೆಗೆ ಬರುವುದಕ್ಕೆ ಎರಡು ವರ್ಷ ಮೊದಲು.
ಹಾಗಾಗಿ ಹಿರಿಯಳು ಅವಳೇ.
ಹೊಸದರಲ್ಲಿ ಹೊಸ್ತಿಲಿಗೆ ಅಡ್ಡ ಮಲಗಿ
ದಾಟು ನೋಡೋಣ ಅನ್ನುವಳು, ಕಣ್ಣಲ್ಲೇ.

ಬೇಟೆ ಅಂದರೆ ದೊಡ್ಡದೇನಲ್ಲ.
ಕಡಲೆಕಾಯಿ ಕಿತ್ತು ಹೊಲ ಖಾಲಿಯಾದ ಮೇಲೆ
ಅಮಾವಾಸ್ಯೆಯ ಆಚೀಚೆ
ಹಣೆಗೊಂದು ಟಾರ್ಚು, ಹೆಗಲಿಗೆ ಬಲೆ,
ಇವರು, ಮೂಡ್ಲಗಿರಿ, ಅವನ ಭಾವಮೈದ,
ಮಿಡಿಗೇಶಿ ಬೆಟ್ಟದ ಹಿಂದಿನ ತಂಗಡಿ ಪೊದೆಗಳ ಕಡೆ.
ಗಾರ್ಡಿನ ಬೈಕು ಈ ಹೊತ್ತು ಯಾವೂರಲ್ಲಿ ನಿಂತಿದೆ ಅಂತ
ಮೊದಲೇ ವಿಚಾರಿಸಿಕೊಂಡು.

ನಾನೂ ಹೋಗಿದ್ದೇನೆ, ಸುಳ್ಳೇಕೆ?
ಮುಟ್ಟು ನಿಲ್ಲುವ ಹಿಂದಿನ ತಿಂಗಳು
ಬಲೆಯ ಎಡಗೊನೆ ಹಿಡಿದು ಕೂತಿದ್ದೆ.
ಹಗಲಿನ ಬಿಸಿಲನ್ನು ಇನ್ನೂ ಬಿಟ್ಟುಕೊಡದ ಬಂಡೆ
ಬೆನ್ನಿಗೆ ಒತ್ತುತ್ತಿತ್ತು.

ಇವರ ಬಾಯಲ್ಲೊಂದು ವಿದ್ಯೆ.
ಮುಂಗೈಗೆ ತುಟಿಯಿಟ್ಟು ಹೀರಿದರೆ
ಬಲೆಗೆ ಬಿದ್ದ ಮೊಲ ಕೂಗಿದ ಹಾಗೇ ಕೂಗು.
ಸಣ್ಣ, ಸೀಳು, ಹಸಿ.
ಅದಕ್ಕೆ ಓಡಿ ಬರುವುದನ್ನು ಸೂಜಿಗೆ ಕಲಿಸಿದ್ದು
ಕೋಳಿಯ ಕರುಳು ಹಾಕಿ, ಒಂದು ಬೇಸಿಗೆ ಪೂರ್ತಿ.
ನಿದ್ದೆಯಲ್ಲೂ ಅವಳ ಕಿವಿ ಅದಕ್ಕೇ ಕಾಯುತ್ತದೆ.

ಮಗಳಿಗೆ ಮೂರೂವರೆ ತಿಂಗಳು ತುಂಬಿ
ಅಂಗನವಾಡಿಯಲ್ಲಿ ಎರಡೂ ತೊಡೆಗೆ ಸೂಜಿ ಚುಚ್ಚಿಸಿ ತಂದ ರಾತ್ರಿ
(ಆ ಸೂಜಿ. ಈ ಸೂಜಿಯಲ್ಲ.)
ಮೈ ಕಾದ ಹೆಂಚು.
ಕರೆಂಟಿನ ಸರದಿ ಅಂತ ಇವರು ಬೋರಿನ ಹತ್ತಿರ,
ಅತ್ತೆ ಗೊರಕೆಯಲ್ಲಿ.
ಮಗಳು ಕೂಗಿದಳು.
ಅಳುವಲ್ಲ. ಅಳು ನನಗೆ ಗೊತ್ತು,
ಹಸಿದದ್ದು, ಒದ್ದೆಯಾದದ್ದು, ಸುಮ್ಮನೆ ಎತ್ತಿಕೋ ಅನ್ನುವುದು.
ಇದು ಸಣ್ಣ, ಸೀಳು, ಹಸಿ.

ಸೂಜಿ ಎದ್ದಳು.
ಜಗಲಿಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಜೋಲಿಗೆ,
ಉಗುರಿನ ಸದ್ದಿಲ್ಲ, ಬಾಲ ನೇರ.
ನನ್ನ ಕೈಗೆ ಸಿಕ್ಕಿದ್ದು ಮುದ್ದೆ ತಿರುವುವ ಕೋಲು.
ತಲೆಗೋ ಕುತ್ತಿಗೆಗೋ ಅಂತ ಲೆಕ್ಕ ಹಾಕಿದ್ದೂ ನಿಜ.

ಸೀರೆಯ ಮಡಿಕೆಯೊಳಗೆ ಮೂತಿ ತೂರಿಸಿ
ಮೂಸಿದಳು. ಎಷ್ಟೋ ಹೊತ್ತು.
ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ,
ಎರಡಕ್ಕೂ ಬೇರೆ ಬೇರೆ ಕೇಳಿಸಿದ ಹಾಗೆ.
ಆಮೇಲೆ ಜೋಲಿಯಡಿ ಮೂರು ಸುತ್ತು ಸುತ್ತಿ
ಉಸಿರುಬಿಟ್ಟು ಮಲಗಿದಳು.
ಬೆಳಗಿನ ತನಕ ನಾನು ಕೋಲು ಕೆಳಗಿಡಲಿಲ್ಲ.
ಯಾರಿಗೂ ಹೇಳಿಯೂ ಇಲ್ಲ.

ಎಳ್ಳಮಾವಾಸ್ಯೆಗೆ ಹೋದವರು ಬರಿಗೈಲಿ ಬಂದರು.
ನಾಯಿ ಕೆಟ್ಟೋಯ್ತು ಕಣೇ, ಅಂದರು ಕಾಲು ತೊಳೆಯುತ್ತ.
ಒಳ್ಳೆ ಬಲಿತ ಮೊಲವಂತೆ, ಬಲೆಗೆ ಬಿದ್ದು ಕೂಗಿತಂತೆ.
ಸೂಜಿ ಓಡಿದಳಂತೆ, ಬಾಣದ ಹಾಗೇ,
ಬಲೆಯ ಕಡೆಗಲ್ಲ, ಊರ ಕಡೆಗೆ.
ಮೂಡ್ಲಗಿರಿ ನಕ್ಕನಂತೆ. ಭಾವಮೈದ ಕಲ್ಲು ಬೀರಿದನಂತೆ.
ಅಷ್ಟರಲ್ಲಿ ಮೊಲ ಕೊಸರಿಕೊಂಡು
ಬಂಡೆಯ ಸಂದಿಗೆ.
ಪಾವಗಡದವನೊಬ್ಬ ಕೇಳಿದ್ದ, ಕೊಟ್ಟುಬಿಡೋಣ, ಅಂದರು.
ನಾನು ಟವೆಲು ಕೊಟ್ಟೆ.

ಅವರಿಗಿಂತ ಅರ್ಧ ಗಂಟೆ ಮೊದಲೇ ಬಂದಿದ್ದಳು ಅವಳು.
ಎದೆಯ ತುಂಬ ಜಾಲಿ ಮುಳ್ಳಿನ ಗೀರು,
ನಾಲಗೆ ಇಷ್ಟುದ್ದ.
ಬಾಗಿಲು ಕೆರೆದು ಒಳಬಂದು, ಜೋಲಿ ಮೂಸಿ,
ಮಗಳು ಬೆರಳು ಚೀಪುತ್ತ ಮಲಗಿದ್ದು ಕಂಡು
ನನ್ನತ್ತ ತಿರುಗಿ ನೋಡಿದ್ದಳು,
ಕೋಲೆಲ್ಲಿ, ಅಂತ ಕೇಳುವ ಹಾಗೆ.

ಮಸಾಲೆ ಅರೆದಾಗಿತ್ತು, ಬೇಟೆಯ ಸಾರಿಗೆಂದು.
ಕೋಲು ಒಲೆಯ ಮೇಲಿತ್ತು,
ಕೊತಕೊತ ಕುದಿಯುವ ರಾಗಿಹಿಟ್ಟಿನ ನಡುವೆ
ನೆಟ್ಟಗೆ ನಿಂತು.