ತಿರುವು

ಮಾಗಿಯ ಮೂರೂವರೆ. ಮಾಳಪ್ಪನಹಟ್ಟಿ ತಿರುವು.
ಲಾರಿ ಮೇಲೆ ಮಲಗಿ ಬಂದಿದೆ ಗಾಳಿಯಂತ್ರದ ರೆಕ್ಕೆ:
ಬುಡ ಇಲ್ಲಿ, ತುದಿ ಇನ್ನೂ ಪೆಟ್ರೋಲ್ ಬಂಕಿನ ಹತ್ತಿರ.

ಎರಡು ಕೆಂಪು ಟಾರ್ಚು ಹಿಡಿದು
ಹಿಮ್ಮುಖವಾಗಿ ನಡೆಯುತ್ತೇನೆ.
ಬಲಕ್ಕೆ. ಇನ್ನೊಂದು ಗೇಣು. ತಡಿ, ತಡಿ.
ಡ್ರೈವರ್ ಜೋಧಪುರದವನು, ಕನ್ನಡ ಬಾರದು;
ಬೆಳಕು ಬರುತ್ತದೆ.

ಬೆರಳು ಇವೆಯೋ ಇಲ್ಲವೋ
ಆಗಾಗ ಎಣಿಸಿಕೊಳ್ಳಬೇಕು.
ಪಾಲಯ್ಯ ಬಿದಿರುಗಳದಲ್ಲಿ ಕರೆಂಟ್ ತಂತಿ ಎತ್ತಿದ್ದಾನೆ,
ಕೂಸಿನ ಸೊಳ್ಳೆಪರದೆ ಎತ್ತಿದಷ್ಟು ಮೆಲ್ಲಗೆ.
ಬೀಡಿ ಬಾಯಲ್ಲೇ ಆರಿದೆ.

‘ಏರೋಪ್ಲೇನ್ ನಿಲ್ಲಿಸೋರೂ ಹಿಂಗೇ ಕೈ ಆಡಿಸ್ತಾರೆ’
ಮೊಬೈಲಿನಲ್ಲಿ ತೋರಿಸಿದ್ದಳು ಮಗಳು.
ಅವರ ಕಿವಿಗೆ ದಪ್ಪ ಮುಚ್ಚಳ, ಕೈಗೆ ಗವಸು.
ನನಗೆ ಅವಳ ಹಳೇ ಮಫ್ಲರು.

ತುದಿ ದಾಟಿತು, ತಲೆಯ ಮೇಲೇ.
ಅದರ ಇಬ್ಬನಿ ಒಂದು ಹನಿ
ಕಾಲರಿನೊಳಗೆ ಬಿತ್ತು. ಥೂ ಅಂದೆ.
ಪಾಲಯ್ಯ ತಂತಿ ಬಿಟ್ಟು ನಕ್ಕ.