ಬಾಗಿಲಲ್ಲಿ ನಿಂತು ಕಲಿತದ್ದು

ಬಿಳಿ ಅಂಗಿ ತೊಟ್ಟು ಬಸ್ಸು ಹತ್ತಬ್ಯಾಡ, ಎರ್ರಿಸ್ವಾಮಿ.
ಕುಡತಿನಿ ದಾಟೋದ್ರಾಗೆ ಅದಿರಿನ ಲಾರಿಗಳು
ಬೆನ್ನಿಗೆ ಕೆಂಪು ಮುದ್ರೆ ಒತ್ತಿರ್ತಾವೆ.
ಕ್ಯಾರಿಬ್ಯಾಗಿನಾಗೆ ಮಡಚಿ ಒಯ್ಯಿ.
ಗೇಟಿನ ಎದುರು, ಮಿರ್ಚಿ ಬಂಡಿ ಹಿಂದೆ
ಒಂದು ಜಾಲಿ ಗಿಡ ಐತೆ, ಅಲ್ಲಿ ಬದಲಿಸು.
ಇಪ್ಪತ್ತೆಂಟು ವರ್ಷದಿಂದ ಹುಡುಗರು ಅಂಗಿ ಕಳಚಿ ಕಳಚಿ
ಆ ಗಿಡಕ್ಕೂ ನಾಚಿಕೆ ಹೋಗೈತೆ.

ನಾನು ಸಾಹೇಬನಲ್ಲ.
ಇಂಟರ್ವ್ಯೂ ಕೋಣೆಗೆ ಚಾ ಒಯ್ದವನು,
ಬಾಗಿಲು ಅರ್ಧ ತೆರೆದು ಹೆಸರು ಕೂಗಿದವನು.
ಒಳಗಿನ ಮಾತು ಟ್ರೇ ಮೇಲಿಟ್ಟುಕೊಂಡು
ಹೊರಗೆ ತಂದವನು, ಹನಿ ಚೆಲ್ಲದಂಗೆ.
ಅಷ್ಟೇ ನನ್ನ ವಿದ್ಯೆ.

ಕೇಳ್ರಿ: ಆ ಕುರ್ಚಿಯ ಎಡಗಾಲು ಗಿಡ್ಡ.
ಅಲುಗಿದರೆ ಹೆದರಿದ್ದೀ ಅಂದ್ಕೊಂತಾರೆ,
ಅಂಚಿಗೆ ಕೂಡು.
ಬಿಸ್ಕೀಟು ಕೊಟ್ಟರೆ ತಿನ್ನು,
ಬ್ಯಾಡ ಅಂದವರನ್ನ ಹೊಗಳಿದ್ದು ನಾ ಕೇಳಿಲ್ಲ.
ಚಾ ಆರೋದ್ರಾಗೆ ಎಲ್ಲಾ ತೀರ್ಮಾನ ಆಗಿರ್ತದೆ,
ಆಮೇಲೆ ಕೇಳೋದೆಲ್ಲ ಸುಮ್ನೆ ಕೇಳೋದು.
ತಾತ ಅನ್ನಬ್ಯಾಡ ಈಗ, ಸರ್ ಅನ್ನು, ರೂಢಿ ಆಗ್ಲಿ.
ಜೋರಾಗಿ ಮಾತಾಡು.

ಕರೆಂಟು ಹೋದಷ್ಟೊತ್ತೇ ನಮ್ಮ ಪಾಠ, ಹಿಟ್ಟಿನ ಗಿರಣಿ ಕಟ್ಟೆ ಮೇಲೆ.

"ನಿನ್ನ ವೀಕ್‌ನೆಸ್ ಏನು?" ಅಂದೆ ಶೇಕ್ಷಾವಲಿಗೆ.
"ಹೋದ ತಿಂಗಳು ಭಾಳ ಇತ್ತು ಸರ್,
ಎರಡು ಸಲಾಯಿನ್ ಹಾಕಿದ್ರು. ಈಗ ಆರಾಮ."
ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನೂ ನಕ್ಕೆ.
ನಕ್ಕ ಮೇಲೆ ಅನ್ನಿಸ್ತು,
ಇಷ್ಟು ನಿಜದ ಉತ್ತರ ಆ ಕೋಣೆಯಾಗೆ
ಒಂದು ದಿನಾನೂ ನನ್ನ ಕಿವಿಗೆ ಬಿದ್ದಿಲ್ಲಲ್ಲ.
ಆದ್ರೂ ತಿದ್ದಿದೆ. "ಕೆಲಸ ಹಿಡಿದ್ರೆ
ಊಟ ನೆನಪಾಗಲ್ಲ, ಅದೇ ನನ್ನ ವೀಕ್‌ನೆಸ್, ಅನ್ನು."
"ನನಗೆ ಹತ್ತು ಗಂಟೆಗೇ ಹಸಿವಾಗ್ತದೆ ಸರ್."

ಹುಲಿಗೆಮ್ಮನ ಸರದಿ. "ನಿನ್ನ ಬಗ್ಗೆ ಹೇಳು."
ಅಪ್ಪನ ಲೋಡಿಂಗ್ ಕೆಲಸ ಹೇಳಿದಳು,
ಅವ್ವನ ಮಂಡಿನೋವು, ಇಬ್ಬರು ತಮ್ಮಂದಿರ ಇಸ್ಕೂಲು,
ಈದ ಎಮ್ಮೆ, ಅದರ ಕರುವಿನ ಹಣೆ ಚುಕ್ಕಿ.
"ನಿನ್ನ ಬಗ್ಗೆ ಕೇಳ್ತಾರವ್ವ."
"ಅದನ್ನೇ ಹೇಳಾಕತ್ತೀನಲ್ಲ ಸರ್."

ಐಟಿಐ ಎಲೆಕ್ಟ್ರಿಷಿಯನ್, ಇಡೀ ಬ್ಯಾಚಿಗೆ ಒಬ್ಬಾಕೆ.
ಈ ಗಿರಣಿಯ ಸ್ಟಾರ್ಟರ್ ಸುಟ್ಟಾಗ
ರಾತ್ರಿಯೆಲ್ಲ ಕುಂತು ಕಾಯಿಲ್ ಸುತ್ತಿದಾಕಿ ನೀನಲ್ಲೇನು?
"ಅದೇನು ದೊಡ್ಡದಲ್ಲ ಸರ್."
ಅದನ್ನು ಹೇಳು. ದೊಡ್ಡದಲ್ಲ ಅನ್ನೋ ಮಾತು
ಇಲ್ಲೇ ಜೋಳದ ಚೀಲದ ಸಂದ್ಯಾಗೆ ಬಿಟ್ಟು ಹೋಗು.

ಸುಮ್ಮನೆ ನೋಡಿದಳು. ಆಮೇಲೆ
ಒಂದು ಹಿಟ್ಟಿನ ಡಬ್ಬಿ ಬೋರಲು ಹಾಕಿ,
"ನೀವು ಕೂಡ್ರಿ ಸರ್. ಈಗ ನಾವು ಕೇಳ್ತೀವಿ."

ಆ ಕೋಣೆಯ ಕುರ್ಚಿ ದಿನಾ ಒರೆಸೀನಿ,
ಕುಂತಿದ್ದಿಲ್ಲ.
"ನಿಮ್ಮ ಬಗ್ಗೆ ಹೇಳ್ರಿ."
ಗಾದಿಲಿಂಗಪ್ಪ, ಅಂದೆ.
ಎಷ್ಟು ಮಂದಿ ಹೆಸರು ಕೂಗಿದ ಬಾಯಿ ಇದು,
ನನ್ನದು ಅದರಾಗೆ ಬ್ಯಾರೆ ಯಾರದೋ ಅನ್ನಿಸ್ತು.
ಯಾರಾದ್ರೂ ಎದ್ದು ಬರ್ತಾರೇನೋ ಅಂತ
ಓಣಿ ಕಡೆ ನೋಡಿದೆ.

ಹುಡುಗರು ಕಾದರು.
ಸಾಹೇಬರು ಅಷ್ಟು ಹೊತ್ತು ಯಾರಿಗೂ ಕಾದಿದ್ದಿಲ್ಲ.
ಅಷ್ಟರಾಗೆ ಕರೆಂಟು ಬಂತು,
ಬೆಲ್ಟು ಪಟಪಟ ಬಡಿದು ಕಲ್ಲು ತಿರುಗಿತು,
ನಾನು ಏನೋ ಶುರು ಮಾಡಿದ್ದೆ.

"ಜೋರಾಗಿ ಹೇಳು ತಾತ,
ಕೇಳಿಸ್ತಿಲ್ಲ."