ಬೆಳಕಿಗೆ ಹಿಡಿದು

ಮೂಗುಬೊಟ್ಟು ಬಿಚ್ಚಿ ತಂಗಿ ಕೈಗೆ ಕೊಟ್ಟು
ಕೊಳವೆಯೊಳಗೆ ಮಲಗಿದರೆ ಟಕಟಕ, ಗಡಗಡ.
ಅಯ್ಯೋ, ಇದು ನಮ್ಮ ಮಾನಂದವಾಡಿ ರಸ್ತೆಯ ಮಗ್ಗಗಳ ಸದ್ದು!
ಆರು ತಿಂಗಳಿಂದ ಹಾಸಿಗೆಗೆ ಬಾರದ ನಿದ್ದೆ
ಅಲ್ಲಿ ಬಂತು.

ಡಾಕ್ಟರು ಫಿಲ್ಮನ್ನು ದೀಪಕ್ಕೆ ಹಿಡಿದರು,
ಮೂವತ್ತೊಂದು ವರ್ಷ ನಾನು
ಸೀರೆ ಹಿಡಿದು ತಪ್ಪು ಹುಡುಕಿದ ಹಾಗೆ.
ಇಲ್ನೋಡಿ, ಬಿಳಿ ಚುಕ್ಕಿ.
ನೋಡಿದೆ. ಎಳೆ ತಪ್ಪಿದ್ದಲ್ಲ ಸ್ವಾಮಿ,
ಉಟ್ಟು ಉಟ್ಟು ಮಡಿಕೆಯಲ್ಲಿ ಸವೆದದ್ದು, ಅಂದೆ.
ನಕ್ಕರು. ಸವೆತ ವಯಸ್ಸಿನದು,
ಈ ಮಂಕು ವಯಸ್ಸಿನದಲ್ಲ, ಮದ್ದಿದೆ ಅಂದರು.

ರಾತ್ರಿಗೆ ಅರ್ಧ ಮಾತ್ರೆ.
ಗುರುವಾರ ಗುರುವಾರ ಹಫ್ಸಾ ಎಂಬ ಹುಡುಗಿಯೆದುರು ಮಾತು;
ಮೊದಲ ಮೂರು ವಾರ ಬರೀ ಗಡಿಯಾರ ನೋಡಿದೆ.

ನಿನ್ನೆ ತಂಗಿಯ ಹೊಸ ಸೀರೆ
ಕಿಟಕಿಗೆ ಹಿಡಿದವಳೇ ರೇಗಿದೆ:
ಸೆರಗಲ್ಲಿ ಎರಡೆಳೆ ಬಿಟ್ಟಿದೆ ಕಣೇ,
ಯಾರೇ ಇದನ್ನ ಪಾಸು ಮಾಡಿದ್ದು?